ಇನ್ನೊಂದು ಕೋಟ್

ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಹುಡುಗ ಕೆಳಗಿಳಿದು, ಗಾಡಿಯ ಮೈಯನ್ನು ಅಂಗೈಯಿಂದ ತಟ್ಟುತ್ತಾ ‘ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್’ ಎಂದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ಕಾರಿನಲ್ಲಿ ಆ ಹುಡುಗನ ಕೆಲಸವನ್ನು ಹಿಂದಿನ ಬಂಪರಿನಲ್ಲಿ ಕೂತ ಪುಟ್ಟ ಸೆನ್ಸರುಗಳು ವಹಿಸಿಕೊಂಡಿವೆ. 2019ರ ಜುಲೈ 1ರಿಂದ ನಮ್ಮಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಿಗೂ ಇವು ಕಡ್ಡಾಯ. ಒಂದು ಒಡೆದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಬೇರೊಂದು ಸಿಗುತ್ತದೆ. ಆದರೆ ಅದು ಸಾಮಾನ್ಯವಾಗಿ ಕಪ್ಪಾಗಿರುತ್ತದೆ, ಇಲ್ಲವೇ ಬರೀ ಪ್ರೈಮರ್ ಬಳಿದುಕೊಂಡಿರುತ್ತದೆ. ಬಿಳೀ ಬಂಪರಿನಲ್ಲಿ ಕರೀ ಚುಕ್ಕೆಯನ್ನು ಇಷ್ಟಪಡುವವರು ಕಡಿಮೆ. ಹಾಗಾಗಿ ಅದು ಟಿಂಕರಿಂಗ್-ಪೇಂಟಿಂಗ್ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ನಡೆಯುವ ಈ ಸಣ್ಣ ಕೆಲಸದ ಬಗ್ಗೆ ನಾವು ಯೋಚಿಸಿರುವುದು ತೀರ ಕಡಿಮೆ.

ಸೆನ್ಸರಿನ ಮುಖ ಎಂದರೆ ಒಂದು ತೆಳುವಾದ ಅಲ್ಯೂಮಿನಿಯಂ ಪೊರೆ. ಒಳಗಡೆ ಅದಕ್ಕೆ ಅಂಟಿಕೊಂಡ ಸಿರಾಮಿಕ್ ಬಿಲ್ಲೆಗೆ ವಿದ್ಯುತ್ ಹರಿದಾಗ ಪೊರೆ ಸೆಕೆಂಡಿಗೆ 40 ಸಾವಿರ ಸಲಕ್ಕೂ ಮಿಕ್ಕಿ ಕಂಪಿಸುತ್ತದೆ. ಮನುಷ್ಯರ ಕಿವಿ 20 ಸಾವಿರಕ್ಕೇ ನಿಂತುಬಿಡುವುದರಿಂದ ಆ ಕೂಗು ನಮಗೆ ಕೇಳದು. ಕೂಗಿದ ಪೊರೆಯೇ ಮರುಗಳಿಗೆ ಸುಮ್ಮನಾಗಿ ಮರುದನಿಗೆ ಕಿವಿಗೊಡಬೇಕು. ಒಂದು ಮೀಟರ್ ದೂರದ ಗೋಡೆಗೆ ತಾಗಿ ಸದ್ದು ಮರಳಲು ಸುಮಾರು 6 ಮಿಲಿಸೆಕೆಂಡ್ ಸಾಕು. ಕಾಲು ಮೀಟರಿಗಾದರೆ ಒಂದೂವರೆ. ಅಷ್ಟರೊಳಗೆ ಪೊರೆ ತನ್ನ ನಡುಕವನ್ನು ತಾನೇ ಅಡಗಿಸಿಕೊಂಡಿರಬೇಕು. ಅದರ ಸುತ್ತ ಒಂದು ಮೆತ್ತನೆಯ ಸಿಲಿಕೋನ್ ಉಂಗುರ ಇರುವುದು ಆ ನಡುಕ ಬಂಪರಿಗೆ ದಾಟದಿರಲಿ, ಬಂಪರಿನದು ಇತ್ತ ಬಾರದಿರಲಿ ಎಂದು.

ಬಣ್ಣ ಬೀಳುವುದು ಇಂಥ ಪೊರೆಯ ಮೇಲೆ. ಕಾರಿನ ಮೈಮೇಲೆ ಕಾರ್ಖಾನೆಯ ಎಲ್ಲ ಪದರಗಳೂ ಸೇರಿ ಸುಮಾರು 100 ಮೈಕ್ರಾನ್ ಆಸುಪಾಸು, ಎಂದರೆ ಒಂದು ಕಾಗದದ ಹಾಳೆಯಷ್ಟು ದಪ್ಪ ಇರುತ್ತದೆ. ಅಷ್ಟೇ ತೆಳುವಾಗಿ, ಸಮವಾಗಿ ಹೊಡೆದರೆ ಸೆನ್ಸರ್ ತಾಳಿಕೊಳ್ಳುತ್ತದೆ. ಕೋಟ್ ಮೇಲೆ ಕೋಟ್ ಬಿದ್ದರೆ, ಕೆಳಗೆ ಪುಟ್ಟಿ ಮೆತ್ತಿದ್ದರೆ, ಪೊರೆಗೆ ಭಾರ ಕೂಡುತ್ತದೆ. ಕೂಗು ಕುಗ್ಗುತ್ತದೆ, ಕಿವಿ ಮಂದವಾಗುತ್ತದೆ. ಕೆಲವೊಮ್ಮೆ ಏನೂ ಇಲ್ಲದ ಬಯಲಲ್ಲೂ ಬೀಪ್ ಬೀಪ್ ಎನ್ನತೊಡಗುತ್ತದೆ. ಈ ಎರಡನೆಯದು ನನಗೆ ಹೆಚ್ಚು ಭಯಂಕರವಾಗಿ ಕಾಣುತ್ತದೆ. ಮೂಕವಾದ ಸೆನ್ಸರ್ ಇದ್ದರೆ ಚಾಲಕ ಕುತ್ತಿಗೆ ತಿರುಗಿಸಿ ನೋಡಿಯಾನು. ಸುಮ್ಮಸುಮ್ಮನೆ ಕಿರುಚುವ ಸೆನ್ಸರಿಗೆ ಆತ ಒಗ್ಗಿಹೋಗುತ್ತಾನೆ. ನಿಜವಾಗಿ ಯಾರೋ ಹಿಂದೆ ಇರುವ ದಿನವೂ ‘ಇದರದು ಇದ್ದದ್ದೇ’ ಎಂದು ಆಕ್ಸಿಲರೇಟರ್ ಒತ್ತುತ್ತಾನೆ.

ಇನ್ನು ಬಂಪರನ್ನೇ ಪೂರ್ತಿ ಪೇಂಟ್ ಮಾಡುವಾಗ ಸೆನ್ಸರ್ ಬಿಚ್ಚದೆ, ಕೂತಲ್ಲೇ ಸ್ಪ್ರೇ ಗನ್ ಹಿಡಿದುಬಿಡುವ ಅಭ್ಯಾಸವೂ ಇದೆ. ಬಣ್ಣ ಉಂಗುರದ ಸಂದಿಗೆ ಇಳಿದು ಪೊರೆಯನ್ನೂ ಬಂಪರನ್ನೂ ಬೆಸೆಯುತ್ತದೆ. ಹೊರಗಿನಿಂದ ನೋಡಿದರೆ ಇಷ್ಟು ಚೊಕ್ಕಟ ಕೆಲಸ ಇನ್ನೊಂದಿಲ್ಲ. ನಾನು ಇದನ್ನು ಬರೆಯಬೇಕೆನಿಸಿದ್ದೇ ಈ ಚೊಕ್ಕಟತನ ಕಂಡು. ಬಾಗಿಲಿಗೆ ಬಳಿದ ಬಣ್ಣ ಕೆಟ್ಟರೆ ಎಲ್ಲರಿಗೂ ಕಾಣುತ್ತದೆ. ಇಲ್ಲಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣು ಮೆಚ್ಚಿದಷ್ಟೂ ಕೆಲಸ ಕೆಟ್ಟಿರಬಹುದು.

ಪೇಂಟರನನ್ನು ದೂರಿ ಪ್ರಯೋಜನವಿಲ್ಲ. ಅವನ ಪಾಡು ನೋಡಿ. ಗಾಡಿಯ ಮೇಲಿನ ಕಲರ್ ಕೋಡ್ ನೋಡಿ ಬಣ್ಣ ಕಲಸಿದರೂ, ಐದಾರು ಬೇಸಿಗೆ ಕಂಡ ಬಂಪರ್ ಆ ಕೋಡಿನ ಬಣ್ಣದಲ್ಲಿ ಉಳಿದಿರುವುದಿಲ್ಲ. ಮೆಟಾಲಿಕ್ ಆದರೆ ಅದರೊಳಗಿನ ಅಲ್ಯೂಮಿನಿಯಂ ಹುಡಿ ಬಿದ್ದ ರೀತಿಗೆ ತಕ್ಕಂತೆ ಶೇಡ್ ಬದಲಾಗುತ್ತದೆ. ಪರ್ಲ್ ವೈಟ್ ಅಂತೂ ಬೇಸ್, ಅದರ ಮೇಲೆ ಪರ್ಲ್, ಅದರ ಮೇಲೆ ಕ್ಲಿಯರ್ ಎಂದು ಮೂರು ಪದರ ಕೇಳುತ್ತದೆ. ಕೆಳಗಿನ ಕಪ್ಪು ಮುಚ್ಚುವಷ್ಟು ಬಿಳಿ ಹೊಡೆಯುವುದರಲ್ಲೇ ದಪ್ಪವಾಗಿಬಿಡುತ್ತದೆ. ಬಲ್ಲವನು ಉಂಗುರ ತೆಗೆದಿಟ್ಟು, ಕನೆಕ್ಟರಿಗೆ ಟೇಪ್ ಸುತ್ತಿ, ಗನ್ನನ್ನು ದೂರ ಹಿಡಿದು ಹಗುರಾಗಿ ಹಾಯಿಸಿ ನಿಲ್ಲಿಸುತ್ತಾನೆ. ಆಗ ಓನರ್ ಬಗ್ಗಿ ನೋಡಿ, ‘ಅಣ್ಣಾ, ಶೇಡ್ ಸ್ವಲ್ಪ ಕೂತಿಲ್ಲ, ಇನ್ನೊಂದು ಕೋಟ್ ಹೊಡೀರಿ’ ಎನ್ನುತ್ತಾರೆ. ಹಣ ಕೊಡುವವರು ಅವರು. ಮುಂದಿನ ಗಿರಾಕಿಯನ್ನು ಕಳಿಸುವವರೂ ಅವರೇ.

ಆದರೆ ಆ ಸೆನ್ಸರ್ ಇರುವುದು ಓನರಿಗಾಗಿ ಮಾತ್ರವೇ? ಗೇಟಿನ ಮುಂದೆ ಕಾರು ಹಿಂದಕ್ಕೆ ತೆಗೆಯುವಾಗ ಚೆಂಡಿನ ಹಿಂದೆ ಓಡಿಬಂದ ಮಗುವಿಗೆ, ಬೆನ್ನು ಹಾಕಿ ತರಕಾರಿ ಆರಿಸುತ್ತಿರುವ ಅಜ್ಜಿಗೆ ಶೆಡ್ಡಿನಲ್ಲಿ ದನಿಯಿಲ್ಲ. ತಮ್ಮ ಪಾಲಿನ ಒಂದು ಕಿವಿಗೆ ಅಲ್ಲಿ ಬಣ್ಣ ಬೀಳುತ್ತಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ಅವರ ಪರವಾಗಿ ‘ಸಾಕು’ ಎನ್ನಬೇಕಾದವನು ಗನ್ ಹಿಡಿದವನು. ಅವನು ಹಾಗೆ ಹೇಳಿದಾಗ ಒಪ್ಪಬೇಕಾದವರು ನಾವು. ಕೂಲಿ ಹೋದೀತೆಂಬ ಅಂಜಿಕೆಯಿಂದ ಅವನು ಸುಮ್ಮನಾದರೆ ಆ ಮೌನದಲ್ಲಿ ನಮ್ಮ ಪಾಲು ಅವನದಕ್ಕಿಂತ ದೊಡ್ಡದು.

ಆದ್ದರಿಂದ ಕೆಲಸ ಒಪ್ಪಿಸುವಾಗಲೇ ಹೇಳಿಬಿಡಬೇಕು: ‘ಶೇಡ್ ಒಂದು ಎಳೆ ಆಚೀಚೆ ಆದರೂ ಪರವಾಗಿಲ್ಲ, ಕೋಟ್ ತೆಳ್ಳಗಿರಲಿ, ಸೆನ್ಸರ್ ಬಿಚ್ಚಿಯೇ ಹೊಡೀರಿ.’ ಬಿಚ್ಚಿ ಕೂರಿಸುವ ಹೊತ್ತಿಗೂ ಕೂಲಿ ಸೇರಿಸಿ ಕೊಡಬೇಕು. ಗಾಡಿ ಬಿಡಿಸಿಕೊಳ್ಳುವಾಗ ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಆನ್ ಮಾಡಿ, ಕೈಬ್ರೇಕ್ ಎಳೆದು, ರಿವರ್ಸ್ ಗೇರ್ ಹಾಕಿ, ಒಂದು ರಟ್ಟಿನ ಪೆಟ್ಟಿಗೆಯನ್ನು ಒಂದೊಂದು ಸೆನ್ಸರಿನ ಮುಂದೆಯೂ ಹತ್ತಿರ ತಂದು, ದೂರ ಒಯ್ದು ನೋಡಬೇಕು. ಬೀಪ್ ಸರಿಯಾಗಿ ಬಂದ ಮೇಲೆ ಬಣ್ಣದ ಮಾತು.