ಸಂಕೋಚ ಅಳಿಯಲಿ, ನಾಚಿಕೆ ಉಳಿಯಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಭತ್ತದೊಡನೆ ಅಕ್ಕಿ ಗಿರಣಿಗಳು, ಬೀಜ-ಗೊಬ್ಬರದ ಅಂಗಡಿಗಳು, ಬ್ಯಾಂಕುಗಳು ಬೆಳೆದವು. ಲಿಂಗಸುಗೂರು, ಮಸ್ಕಿಗಳ ಪೇಟೆಗಳಲ್ಲಿಯೂ ಹಳ್ಳಿಯ ತರುಣ ತರುಣಿಯರು ಗಿರಾಕಿಗಳನ್ನು ವಿಚಾರಿಸುವ ಕೆಲಸಕ್ಕೆ ನಿಂತಿದ್ದಾರೆ. "ನಮ್ಮ ಹುಡುಗ ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ, ಅಂಗಡಿಯ ಕೆಲಸಕ್ಕೆ ಹಚ್ಚಿದರೆ ಸಂಕೋಚ ಹೋದೀತೇ?" ಎಂಬುದು ಅನೇಕ ಸದ್ಗೃಹಸ್ಥರ ಪ್ರಶ್ನೆ.

ಸಂಕೋಚವೆಂದರೇನು? ಎದುರಿಗೆ ನಿಂತವರ ಕಣ್ಣಿನಲ್ಲಿ ತನ್ನನ್ನೇ ನೋಡಿಕೊಂಡು ಅಳುಕುವುದು. 'ಇವರು ನನ್ನನ್ನು ಏನೆಂದುಕೊಂಡಾರು?' ಎಂಬ ಚಿಂತೆಯಲ್ಲಿ ಮಾತು ಗಂಟಲಲ್ಲಿಯೇ ಉಳಿಯುತ್ತದೆ. ವಿನಯದಂತೆ ಕಂಡರೂ ಇದರ ಬೇರಿನಲ್ಲಿರುವುದು 'ನಾನು' ಎಂಬುದೇ. ಗೊಬ್ಬರಕ್ಕೆ ಬಂದ ರೈತನ ಚಿಂತೆ ತನ್ನ ಗದ್ದೆಯ ಪೈರಿನದು, ಮಾರುವವನ ಮುಖದ್ದಲ್ಲ. ಆ ಪೈರಿಗೆ ಏನಾಗಿದೆಯೆಂದು ಮನಸ್ಸಿಟ್ಟು ಕೇಳತೊಡಗಿದೊಡನೆ ಮಾರುವವನು ತನ್ನನ್ನು ಮರೆಯುತ್ತಾನೆ. ನಿತ್ಯವೂ ಹೀಗೆ ಮರೆಯುತ್ತಿದ್ದರೆ ಸಂಕೋಚ ತಾನಾಗಿ ಸಡಿಲುತ್ತದೆ.

ಇನ್ನೊಂದು ಸಂಕೋಚವುಂಟು, ಅದು ಹುಟ್ಟಿನಿಂದ ಬಂದುದಲ್ಲ, ಪರರು ಹೊರಿಸಿದುದು. 'ನೀನು ಕೀಳು, ನೀನು ಹೆಣ್ಣು, ಸುಮ್ಮನಿರು' ಎಂಬ ಮಾತನ್ನು ಕೇಳಿ ಕೇಳಿ ತಲೆ ತಗ್ಗಿಸಿದವರದು. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು, ದೊಡ್ಡವರಿಗೆ ಮಾತ್ರ ಶ್ರೇಯಸ್ಸೆಂದು ಬಗೆಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಅದನ್ನು ಪಡೆಯಬಲ್ಲನು ಎಂದು ಸಾರುತ್ತದೆ. ಹನ್ನೆರಡನೆಯ ಶತಮಾನದ ಶರಣರು ಆ ಸಣ್ಣವನಿಗೆ ಮಾತನಾಡುವ ಎಡೆಯನ್ನೇ ಕೊಟ್ಟರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ, ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯ, ಹೀಗೆ ಹತ್ತು ಜನರಿಗೆ ಒದಗುವ ಕಾಯಕದವರೇ ನಿರ್ಭಯವಾಗಿ ನುಡಿದರು.

ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಭಕ್ತರೆಲ್ಲ ಬಲ್ಲರು. ಗಂಡನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಸುಮ್ಮನಿರಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಗಂಡನೆದುರು ಸತ್ಯವನ್ನಾಡಲು ಆ ತಾಯಿಗೆ ಸಂಕೋಚವಿರಲಿಲ್ಲ. ಮಿತಿ ಮೀರಿದ ಅಕ್ಕಿಯನ್ನು ಮನೆಯಲ್ಲಿರಿಸಿಕೊಳ್ಳಲು ನಾಚಿಕೆಯಿತ್ತು.

ಈ ಭೇದವನ್ನು ಮರೆಯಬಾರದು. ಪೇಟೆಯ ಕೆಲಸ ಸಂಕೋಚವನ್ನು ಕಳೆಯಬಲ್ಲುದು. ಎಚ್ಚರ ತಪ್ಪಿದರೆ ನಾಚಿಕೆಯನ್ನೂ ಕಳೆದೀತು. ಕಳಪೆ ಬೀಜವನ್ನು ಹೊಗಳಿ ಮಾರಿ, ಓದು ಬಾರದ ಮುದುಕನಿಂದ ಬೇಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ, 'ಹುಡುಗ ಚುರುಕಾದ' ಎನಿಸಿಕೊಂಡರೆ ಅವನು ಗಳಿಸಿದುದೇನು? ಮೊದಲು ಬಾಯಿ ಕಟ್ಟಿತ್ತು, ಈಗ ಮನಸ್ಸು ಕೆಟ್ಟಿತು. ಅಂತಹ ಚುರುಕಿಗಿಂತ ಹಿಂದಿನ ಮೌನವೇ ಲೇಸು.

ಆದುದರಿಂದ ಅಂಜುವ ಮಕ್ಕಳನ್ನು ಒಮ್ಮೆಗೇ ಸಂತೆಯ ಗದ್ದಲಕ್ಕೆ ನೂಕಬೇಡಿರಿ. ಮೊದಲು ತೂಗಲು ಕಲಿಯಲಿ, ಲೆಕ್ಕ ಬರೆಯಲಿ, ಆಮೇಲೆ ಮಾತಿಗೆ ನಿಲ್ಲಲಿ. ಊಟ ನಿದ್ರೆ ಕೆಡುವಷ್ಟು ಭಯವಿದ್ದರೆ ವೈದ್ಯರ ಸಲಹೆ ಪಡೆಯಿರಿ. ಎಲ್ಲಕ್ಕೂ ಅಂಗಡಿಯೇ ಮದ್ದಲ್ಲ. ಕೊಳ್ಳಲು ಹೋದವರಿಗೂ ಕರ್ತವ್ಯವುಂಟು. ತಡವರಿಸುವ ಹುಡುಗಿಯನ್ನು ಗದರಿಸುವ ಗಿರಾಕಿ ಅವಳ ಒಂದು ತಿಂಗಳ ಧೈರ್ಯವನ್ನು ಒಂದು ಗಳಿಗೆಯಲ್ಲಿ ಕಸಿದುಕೊಳ್ಳುತ್ತಾನೆ; ತಾಳಿಕೊಂಡು ನಿಂತವನು ಅವಳಿಗೆ ಮಾತಿನ ದಾಸೋಹ ಮಾಡುತ್ತಾನೆ.

ಸದ್ಭಕ್ತರೇ, ಎದುರಿಗೆ ಬಂದವರಲ್ಲಿ ಶಿವನನ್ನು ಕಾಣಬಲ್ಲವನಿಗೆ ಅಂಜಿಕೆಯೂ ಇಲ್ಲ, ವಂಚನೆಯೂ ಇಲ್ಲ. ನಿಮ್ಮ ಮಕ್ಕಳು ಕಾಯಕದಿಂದ ಕಲಿಯಬೇಕಾದ ಮಾತು ಅದೇ.