ಭೇದ ಸತ್ಯವೆಂಬ ಮಾತಿನ ಹೊಣೆ

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪಂಚಭೇದಗಳಿಗೆ ಇರುವ ಸ್ಥಾನ ವಾಚಕರಿಗೆ ಹೊಸದಲ್ಲ. ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೂ, ಜೀವನಿಗೂ ಜಡಕ್ಕೂ, ಜಡಜಡಗಳಿಗೂ ಇರುವ ಭೇದವು ಸತ್ಯವಾದುದು, ಅನಾದಿಯಾದುದು ಎಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಪ್ರವಚನದಲ್ಲಿ ಈ ಮಾತು ಬಂದಾಗಲೆಲ್ಲ ತಲೆದೂಗುತ್ತೇವೆ. ಆದರೆ ಆ ಜೀವಜೀವಭೇದವೇ ಒಂದು ಮಗುವಿನ ರೂಪದಲ್ಲಿ ಮಠದ ಪ್ರಾಕಾರಕ್ಕೆ ಬಂದು, ಮಹಾಮಂಗಳಾರತಿಯ ಜಾಗಟೆಗೆ ಕಿವಿ ಮುಚ್ಚಿಕೊಂಡು ಕಿರುಚಿದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? ಶ್ರೀ ರಾಘವೇಂದ್ರ ಗುರುಸಾರ್ವಭೌಮರ ಆರಾಧನೆ ಸಮೀಪಿಸುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನಮ್ಮ ಮನೆಗಳಲ್ಲಿ ಇಂತಹ ಮಕ್ಕಳು ವಿರಳರಲ್ಲ. ಒಂದು ಮನೆಯಲ್ಲಿ ನಾಲ್ಕು ವರ್ಷವಾದರೂ ಮಾತನಾಡದೆ, ತಿರುಗುವ ಫ್ಯಾನನ್ನೇ ಗಂಟೆಗಟ್ಟಲೆ ನೋಡುವ ಮಗುವಿದೆ. ಇನ್ನೊಂದು ಮನೆಯಲ್ಲಿ ಎರಡು ನಿಮಿಷವೂ ಒಂದೆಡೆ ಕೂರಲಾರದ ಹುಡುಗನಿದ್ದಾನೆ. ಮತ್ತೊಂದರಲ್ಲಿ, ಕೇಳಿದ ದೇವರನಾಮವನ್ನು ಒಮ್ಮೆಗೇ ಒಪ್ಪಿಸಬಲ್ಲ, ಆದರೆ ಪುಸ್ತಕ ತೆರೆದರೆ ಅಕ್ಷರಗಳು ಕಲಸಿಹೋಗುವ ಹುಡುಗಿಯಿದ್ದಾಳೆ. ವೈದ್ಯರು ಇವುಗಳಿಗೆ ಆಟಿಸಂ ಅಥವಾ ಸ್ವಲೀನತೆ, ಎ.ಡಿ.ಎಚ್.ಡಿ., ಡಿಸ್ಲೆಕ್ಸಿಯಾ ಎಂಬ ಹೆಸರುಗಳನ್ನು ಕೊಟ್ಟಿದ್ದಾರೆ. ಮುಖಚರ್ಯೆಯಂತೆ ಮಿದುಳಿನ ರಚನೆಯಲ್ಲಿಯೂ ಮನುಷ್ಯರಲ್ಲಿ ಸಹಜವಾದ ವೈವಿಧ್ಯವುಂಟು, ಇವರು ಆ ವೈವಿಧ್ಯಕ್ಕೆ ಸೇರಿದವರು ಎಂಬ ವಿಚಾರವು ಕಳೆದ ಶತಮಾನದ ಕೊನೆಯ ದಶಕದಿಂದ ನ್ಯೂರೋಡೈವರ್ಸಿಟಿ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ಬಂದಿದೆ. ಅಂಥವರನ್ನು ನಾವು ಇಲ್ಲಿ ಭಿನ್ನ ಮನಸ್ಸಿನವರು ಎಂದು ಕರೆಯೋಣ.

ಇಂತಹ ಮಗುವಿನ ತಾಯಿಗೆ ಮೊದಲು ಎದುರಾಗುವುದು ಸಹಾಯವಲ್ಲ, ಆರೋಪ. "ಯಾವ ಜನ್ಮದ ಕರ್ಮವೋ" ಎಂದು ಹಿರಿಯರು ನಿಟ್ಟುಸಿರುಬಿಡುತ್ತಾರೆ. "ಮುದ್ದು ಮಾಡಿ ಕೆಡಿಸಿದ್ದೀಯಮ್ಮ" ಎಂದು ನೆರೆಯವರು ತೀರ್ಪು ಕೊಡುತ್ತಾರೆ. ಈ ದೋಷ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಕಾಗಿಲ್ಲ. 1943ರಲ್ಲಿ ಅಮೆರಿಕೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರೀಕ್ಷಿಸಿ ಸ್ವಲೀನತೆಯನ್ನು ಮೊದಲು ವಿವರವಾಗಿ ವರ್ಣಿಸಿದ ಮೇಲೆ, ಅಲ್ಲಿನ ವಿದ್ವಾಂಸರೇ ಎರಡು ದಶಕಗಳಷ್ಟು ಕಾಲ ತಾಯಂದಿರ ಪ್ರೀತಿಶೂನ್ಯತೆಯೇ ಇದಕ್ಕೆ ಕಾರಣವೆಂದು ಸಾರಿದರು. ತಾಯಿಯ ಹೃದಯವನ್ನು ಶೀತಪೆಟ್ಟಿಗೆಗೆ ಹೋಲಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ, ತಾನೇ ಅಂತಹ ಮಗನ ತಂದೆಯಾಗಿದ್ದವನು, ಈ ವಾದವನ್ನು ಖಂಡಿಸಿ ಗ್ರಂಥ ಬರೆದನು. ಇಂದು ಆ ವಾದ ಸಂಪೂರ್ಣವಾಗಿ ತಿರಸ್ಕೃತವಾಗಿದೆ. ಇದರಲ್ಲಿ ಆನುವಂಶಿಕ ಕಾರಣಗಳ ಪಾತ್ರ ದೊಡ್ಡದೆಂದೂ, ಸಾಕಿದ ರೀತಿಯಿಂದ ಇದು ಬರುವುದಿಲ್ಲವೆಂದೂ ನಿಶ್ಚಯವಾಗಿದೆ.

ಕರ್ಮದ ಮಾತಾದರೂ ಹೇಗೆ? ಕರ್ಮಸಿದ್ಧಾಂತವನ್ನು ನಾವು ಒಪ್ಪುತ್ತೇವೆ. ಆದರೆ ಯಾವ ಜೀವನಿಗೆ ಯಾವ ಫಲ ಯಾವ ಕರ್ಮದಿಂದ ಬಂದಿತೆಂಬುದನ್ನು ಬಲ್ಲವನು ಸರ್ವಜ್ಞನಾದ ಶ್ರೀಹರಿ ಒಬ್ಬನೇ. ಅಲ್ಪಜ್ಞರಾದ ನಾವು ಪಕ್ಕದ ಮನೆಯ ಮಗುವಿನ ಜನ್ಮಾಂತರವನ್ನು ಓದಿ ಹೇಳಹೊರಟರೆ, ಭಗವಂತನಿಗೆ ಮಾತ್ರ ಸಲ್ಲುವ ಜ್ಞಾನವನ್ನು ನಮ್ಮದೆಂದು ಹೇಳಿಕೊಂಡಂತೆ ಆಗುವುದು. ನಮ್ಮ ಕಣ್ಣೆದುರಿಗೆ ಇರುವ, ನಮ್ಮ ಅಧೀನದಲ್ಲಿ ಎಂದು ತೋರುವ ಕರ್ಮ ಒಂದೇ: ಆ ತಾಯಿಯೊಡನೆ ಇಂದು ನಾವು ಆಡುವ ಮಾತು. ಅದರ ಫಲವನ್ನು ಅನುಭವಿಸಬೇಕಾದವರು ನಾವೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಂಚಭೇದದಲ್ಲಿ ಹೇಳುವ ಜೀವಭೇದವು ಸ್ವರೂಪಭೇದ. ಮಿದುಳಿನ ರಚನೆಯಾದರೋ ಸ್ಥೂಲದೇಹಕ್ಕೆ ಸೇರಿದುದು. ಎರಡನ್ನೂ ಬೆರೆಸಿ ಆಟಿಸಂ ಎಂಬುದೇ ಆ ಜೀವನ ಸ್ವರೂಪವೆಂದು ಹೇಳುವುದು ಶಾಸ್ತ್ರಸಮ್ಮತವಾಗದು. ಆದರೆ ಜೀವಸ್ವರೂಪವೇ ಒಬ್ಬನದರಂತೆ ಇನ್ನೊಬ್ಬನದಿಲ್ಲವೆಂದು ನಂಬಿದವನು, ದೇಹಮನಸ್ಸುಗಳಲ್ಲಿ ಭಿನ್ನತೆ ಕಂಡಾಗ ಬೆಚ್ಚಬೇಕಾದ ಕಾರಣವಾದರೂ ಏನು? ತನ್ನ ಮನಸ್ಸನ್ನೇ ಅಚ್ಚೆಂದು ಇಟ್ಟುಕೊಂಡು, ಆ ಅಚ್ಚಿಗೆ ಹೊಂದದ ಮಗುವನ್ನು ಕೆಟ್ಟುಹೋದ ಪ್ರತಿಯೆಂದು ಎಣಿಸುವುದು ಭೇದವಾದಿಗೆ ಒಪ್ಪುವ ನಡತೆಯಲ್ಲ.

ನಮ್ಮ ಸಿದ್ಧಾಂತದಲ್ಲಿ ಇದಕ್ಕಿಂತ ಹತ್ತಿರದ ಆಧಾರವೂ ಉಂಟು. ಸುಖದುಃಖಗಳನ್ನು ನೇರವಾಗಿ ಅರಿಯುವುದು ಸಾಕ್ಷಿ. ಅದು ಪ್ರತಿಯೊಬ್ಬ ಜೀವನ ಸ್ವರೂಪಭೂತವಾದ ಇಂದ್ರಿಯ. ತನಗೆ ನೋವಾಗುತ್ತಿದೆಯೆಂಬ ವಿಷಯದಲ್ಲಿ ಸಾಕ್ಷಿಗೆ ಭ್ರಮೆಯಿಲ್ಲ. ಜಾಗಟೆಯ ಸದ್ದಿಗೆ ಮಗು ಕಿವಿ ಮುಚ್ಚಿಕೊಂಡರೆ, "ಇಷ್ಟು ಜನ ಸುಮ್ಮನಿಲ್ಲವೇ, ಇದೊಂದಕ್ಕೆ ಏನು ಬಂತು" ಎಂದು ನಾವು ಕೇಳುತ್ತೇವೆ. ಭಿನ್ನ ಮನಸ್ಸಿನ ಅನೇಕರಿಗೆ ಶಬ್ದ, ಬೆಳಕು, ಸ್ಪರ್ಶ, ರುಚಿಗಳು ನಮಗಿಂತ ಬಹಳ ತೀಕ್ಷ್ಣವಾಗಿ ತಟ್ಟುತ್ತವೆ ಎಂಬುದನ್ನು ವೈದ್ಯರು ಗುರುತಿಸಿದ್ದಾರೆ. ನಮಗೆ ಮಂಗಳಧ್ವನಿಯಾದುದು ಆ ಮಗುವಿಗೆ ಪೆಟ್ಟಾಗಬಹುದು. ನಮಗೆ ತಂಪಾದ ಗೋಪೀಚಂದನ, ಒಣಗಿ ಬಿಗಿಯುವಾಗ ಅದಕ್ಕೆ ಸಹಿಸಲಾಗದ ಉರಿಯಾಗಬಹುದು. ಆ ಮಗುವಿನ ನೋವಿಗೆ ಪ್ರಮಾಣ ಅದರ ಅನುಭವವೇ ಹೊರತು ನಮ್ಮ ಕಿವಿಯಲ್ಲ. ಹಾಗೆಯೇ ಮಾತು ಬಾರದ ಮಗುವಿನಲ್ಲಿಯೂ ಸಾಕ್ಷಿ ಎಚ್ಚರವಾಗಿಯೇ ಇದೆ. ಅದರ ಎದುರಿಗೇ "ಇವನಿಗೆ ಏನೂ ತಿಳಿಯುವುದಿಲ್ಲ" ಎಂದು ಬಂಧುಗಳಿಗೆ ವಿವರಿಸುವವರು ಇದನ್ನು ನೆನೆಯಬೇಕು.

ಇನ್ನು ಈ ಮಕ್ಕಳ ಶಕ್ತಿಯ ವಿಚಾರ. ಆದಿಯಿಂದ ಅಂತ್ಯದವರೆಗೆ ಕ್ರಮ ತಪ್ಪದಿರುವುದರಲ್ಲಿ ಕೆಲವರಿಗೆ ಇರುವ ಶ್ರದ್ಧೆ ಅಪೂರ್ವವಾದುದು. ಪಂಚಾಂಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಏಕಾದಶಿ ಯಾವ ವಾರವೆಂದು ಥಟ್ಟನೆ ಹೇಳುವವರುಂಟು. ಪೂಜೆಯಲ್ಲಿ ಒಂದು ಉಪಚಾರ ಹಿಂದುಮುಂದಾದರೆ ಹಿರಿಯರಿಗಿಂತ ಮೊದಲು ಗುರುತಿಸಿ, ದಾಕ್ಷಿಣ್ಯವಿಲ್ಲದೆ ಗಟ್ಟಿಯಾಗಿ ಹೇಳಿಬಿಡುವವರುಂಟು. ಮುಖಸ್ತುತಿ ಅವರಿಗೆ ಬಾರದು. ಪ್ರವಚನದಲ್ಲಿ ಕೂರಲಾರದ ಹುಡುಗನ ಕೈಗೆ ನೀರಿನ ಪಾತ್ರೆ ಕೊಟ್ಟು ಪಂಕ್ತಿಗೆ ಬಿಟ್ಟರೆ, ಇನ್ನೂರು ಎಲೆಗಳ ನಡುವೆ ದಣಿವಿಲ್ಲದೆ ಓಡಾಡಿ ಬಡಿಸುತ್ತಾನೆ. ಅಕ್ಷರ ಹತ್ತದ ಹುಡುಗಿಗೆ ಬಾಯಿಂದ ಬಾಯಿಗೆ ಸಂಥೆ ಹೇಳಿಕೊಟ್ಟರೆ ಸ್ತೋತ್ರ ಕಂಠಸ್ಥವಾಗುತ್ತದೆ. ಕಿವಿಯಿಂದ ಕಲಿಯುವುದು ನಮ್ಮ ಪರಂಪರೆಗೆ ಹೊಸದೇ? ವೇದಕ್ಕೆ ಶ್ರುತಿ ಎಂಬ ಹೆಸರು ಬಂದುದೇ ಕೇಳಿ ಕಲಿಯುವುದರಿಂದ.

ಈ ಪ್ರಸಂಗದಲ್ಲಿ ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ಒಂದು ಕಥೆ ನೆನಪಾಗುತ್ತದೆ. ಗುರುಕುಲದಲ್ಲಿ ಬಾಲಕ ವಾಸುದೇವನು ಸಹಪಾಠಿಗಳೊಡನೆ ಕೂಡಿ ಪಾಠ ಒಪ್ಪಿಸುತ್ತಿಲ್ಲವೆಂದು ಗುರುಗಳು ಕೋಪಿಸಿಕೊಂಡರು. ತುಂಡುತುಂಡಾಗಿ ನಿಧಾನದಿಂದ ಹೇಳುವುದು ತನಗೆ ರುಚಿಸದೆಂದು ಬಾಲಕನು ಉತ್ತರಿಸಿದನು. ಹಾಗಾದರೆ ಮುಂದಿನದನ್ನು ಹೇಳೆಂದು ಗುರುಗಳು ಕೇಳಲು, ಇನ್ನೂ ಪಾಠವಾಗದ ಭಾಗವನ್ನೂ ನಿರರ್ಗಳವಾಗಿ ಒಪ್ಪಿಸಿದನು. ವಾಯುದೇವರ ಅವತಾರವಾದ ಶ್ರೀಮದಾಚಾರ್ಯರ ಮಹಿಮೆಗೆ ಇಂದಿನ ವೈದ್ಯಶಾಸ್ತ್ರದ ಹೆಸರು ಕಟ್ಟುವುದು ಅವಿವೇಕ. ನಮ್ಮ ಅಭಿಪ್ರಾಯ ಅದಲ್ಲ. ನಾವು ಕಲಿಯಬೇಕಾದುದು ಗುರುಗಳ ನಡತೆಯಿಂದ. ಕೋಪ ಬಂದರೂ ಅವರು ಶಿಷ್ಯನ ಕಾರಣವನ್ನು ಕೇಳಿದರು. ಕೇಳಿದ ಮೇಲೆ ಅವನಿಗೆ ಒಪ್ಪುವ ರೀತಿಯಲ್ಲಿ ಪರೀಕ್ಷಿಸಿದರು. ಇಷ್ಟನ್ನು ಮಾಡಲು ಎಷ್ಟು ಜನ ಉಪಾಧ್ಯಾಯರು, ಎಷ್ಟು ಜನ ತಂದೆಗಳು ಸಿದ್ಧರಿದ್ದಾರೆ?

ಗುಣಗಾನ ಮಾಡುವ ಭರದಲ್ಲಿ ಇನ್ನೊಂದು ತಪ್ಪಿಗೆ ಬೀಳಬಾರದು. ಇಂತಹ ಪ್ರತಿಯೊಂದು ಮಗುವಿನಲ್ಲಿಯೂ ಒಂದು ಅದ್ಭುತ ಪ್ರತಿಭೆ ಅಡಗಿರಲೇಬೇಕೆಂಬ ನಿರೀಕ್ಷೆಯೂ ಒಂದು ಹೊರೆಯೇ. ಬಾಲ್ಯದಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ವಾಸವಾಗಿದ್ದ ತೀತೋ ರಾಜರ್ಷಿ ಮುಖೋಪಾಧ್ಯಾಯ ಅವರು ಬಹುಮಟ್ಟಿಗೆ ಮಾತಿಲ್ಲದ ಸ್ವಲೀನ ಬಾಲಕ. ತಾಯಿ ಸೋಮಾ ಅವರು ಅಕ್ಷರಫಲಕವನ್ನು ತೋರಿಸುತ್ತ ಕಲಿಸಿದರು. ಬಾಲಕ ಬರೆದ ಗದ್ಯಪದ್ಯಗಳನ್ನು 2000ದಲ್ಲಿ ಇಂಗ್ಲೆಂಡಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯು ಪುಸ್ತಕವಾಗಿ ಪ್ರಕಟಿಸಿತು. ಮೌನದ ಹಿಂದೆ ಎಂತಹ ಮನಸ್ಸಿರಬಹುದೆಂಬುದಕ್ಕೆ ಅದೊಂದು ನಿದರ್ಶನವಾಯಿತು. ಆದರೆ ಆ ತಾಯಿಯ ಬೋಧನಾಕ್ರಮದ ವಿಷಯದಲ್ಲಿ ತಜ್ಞರೊಳಗೆ ವಿವಾದವಿದೆ, ಎಲ್ಲ ಮಕ್ಕಳೂ ಹಾಗೆ ಬರೆಯಲಾರರು. ಬರೆಯದ ಮಗುವೂ ಆದರಕ್ಕೆ ಅಷ್ಟೇ ಪಾತ್ರ.

ಕಷ್ಟವನ್ನು ಮರೆಮಾಚುವುದೂ ಸಲ್ಲದು. ರಾತ್ರಿಯೆಲ್ಲ ನಿದ್ರಿಸದ ಮಗುವಿನೊಡನೆ ಎಚ್ಚರವಿರುವ ತಾಯಿ, ಶಾಲೆಯಿಂದ ಶಾಲೆಗೆ ಅಲೆಯುವ ತಂದೆ, ಮದುವೆ ಮುಂಜಿಗಳಿಗೆ ಕರೆ ಬಂದರೂ ಹೋಗಲಾರದ ಸಂಸಾರ ಇವು ನಮ್ಮ ನಡುವೆಯೇ ಇವೆ. ಎಲ್ಲಕ್ಕಿಂತ ಹೆಚ್ಚಾಗಿ "ನಾವು ಹೋದ ಮೇಲೆ ಇವನಿಗೆ ಯಾರು?" ಎಂಬ ಪ್ರಶ್ನೆ ಅವರನ್ನು ಬಾಧಿಸುತ್ತದೆ. ಮಂತ್ರಾಲಯ ಪ್ರಭುಗಳ ಮಹಿಮೆಗಳಲ್ಲಿ ಆದವಾನಿಯ ವೆಂಕಣ್ಣನ ಕಥೆ ಕೇಳಿದ ತಂದೆತಾಯಿಗಳು, ನಿರಕ್ಷರಿ ಬಾಲಕನಿಗೆ ಕ್ಷಣಮಾತ್ರದಲ್ಲಿ ಓದು ಬಂದಂತೆ ತಮ್ಮ ಮಗುವಿಗೂ ಆಗಲೆಂದು ಹರಕೆ ಹೊರುತ್ತಾರೆ. ಅನುಗ್ರಹಕ್ಕೆ ಮಿತಿಯಿಲ್ಲ, ಪ್ರಾರ್ಥನೆ ನಡೆಯಲಿ. ಆದರೆ ಆ ಕಥೆಯಲ್ಲಿ ವೆಂಕಣ್ಣನು ಅನಾಥ. ಬಂಧುಗಳು ಅವನನ್ನು ಓದಿಸದೆ ದನ ಕಾಯಲು ಹಚ್ಚಿದ್ದರು. ಮನೆಯವರು ಕೈಬಿಟ್ಟವನನ್ನು ಗುರುಗಳು ಕೈಹಿಡಿದರು. ರಾಯರ ಭಕ್ತರೆನಿಸಿದ ನಾವು ಗುರುಗಳ ದಾರಿ ಹಿಡಿಯಬೇಕೇ, ಆ ಬಂಧುಗಳ ದಾರಿ ಹಿಡಿಯಬೇಕೇ?

ಹರಕೆಯ ಜೊತೆಗೆ ಪ್ರಯತ್ನವೂ ಇರಬೇಕು. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ, ನಮ್ಮ ಬಡಾವಣೆಗಳ ಮಗ್ಗುಲಲ್ಲಿಯೇ ಇದೆ. ಅಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಮಾತು ತಡವಾದ ಮಗುವನ್ನು "ಅವರ ತಾತನೂ ತಡವಾಗಿ ಮಾತಾಡಿದರು" ಎಂದು ವರ್ಷಗಟ್ಟಲೆ ಕಾಯಿಸದೆ ಬೇಗನೆ ತೋರಿಸುವುದು ಲೇಸು. ಸಂಕೋಚದಿಂದ ಕಳೆದ ಕಾಲ ಹಿಂದಿರುಗದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದು, ಸ್ವಲೀನತೆಯೂ ಡಿಸ್ಲೆಕ್ಸಿಯಾದಂತಹ ಕಲಿಕೆಯ ತೊಡಕುಗಳೂ ಅದರಲ್ಲಿ ಸೇರಿವೆ, ಎ.ಡಿ.ಎಚ್.ಡಿ.ಗೆ ಮಾತ್ರ ಪ್ರತ್ಯೇಕ ಸ್ಥಾನವಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ, ಸ್ವಲೀನತೆ ಮೊದಲಾದವು ಇರುವವರಿಗೆ 18 ವರ್ಷ ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಲು ಅವಕಾಶವಿದೆ. "ನಮ್ಮ ನಂತರ ಯಾರು?" ಎಂಬ ಪ್ರಶ್ನೆಗೆ ಇದು ಪೂರ್ಣವಾದ ಉತ್ತರವಲ್ಲದಿದ್ದರೂ ಒಂದು ಆಸರೆ. ಮಾತು ಬಾರದ ಬಾಲಕನ ಉಪನಯನದ ಪ್ರಶ್ನೆಯನ್ನೂ ಮನೆಯಲ್ಲೇ ನಾಚಿಕೆಯಿಂದ ಮುಗಿಸಿಬಿಡದೆ, ತಮ್ಮ ತಮ್ಮ ಮಠದ ಪಂಡಿತರಲ್ಲಿ ವಿಚಾರಿಸಬೇಕು. ಮೂಕರೇ ಮೊದಲಾದವರ ಸಂಸ್ಕಾರದ ವಿಷಯ ಧರ್ಮಶಾಸ್ತ್ರ ನಿಬಂಧಗಳಲ್ಲಿ ಚರ್ಚೆಗೆ ಬಂದಿದೆ.

ಆರಾಧನೆಯ ಮೂರು ದಿನಗಳಲ್ಲಿ ನಾವು ಮಾಡಬಹುದಾದುದು ಕಠಿಣವೇನೂ ಅಲ್ಲ. ನೂಕುನುಗ್ಗಲಿನ ಹೊತ್ತು ಕಳೆದ ಮೇಲೆ ಇಂತಹ ಕುಟುಂಬಗಳು ನೆಮ್ಮದಿಯಿಂದ ದರ್ಶನ ಪಡೆಯುವಂತೆ ಆಯಾ ಮಠದ ವ್ಯವಸ್ಥಾಪಕರು ಅನುಕೂಲ ಮಾಡಿಕೊಡಬಹುದು. ಧ್ವನಿವರ್ಧಕದಿಂದ ದೂರದಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಡಬಹುದು. ಮುಂದೆ ಏನೇನು ನಡೆಯುವುದೆಂಬುದನ್ನು ತಂದೆತಾಯಿಗಳು ಹಿಂದಿನ ದಿನವೇ ಮಗುವಿಗೆ ಕ್ರಮವಾಗಿ ಹೇಳಿಟ್ಟರೆ ಅದರ ಗಾಬರಿ ಎಷ್ಟೋ ತಗ್ಗುತ್ತದೆ. ಚಾತುರ್ಮಾಸ್ಯದ ದಧಿವ್ರತದಲ್ಲಿ ಆರಾಧನೆ ಬರುವುದರಿಂದ ಎಲೆಗೆ ಮೊಸರು ಬೀಳುವುದಿಲ್ಲ. ಮೊಸರನ್ನವನ್ನಲ್ಲದೆ ಬೇರೇನನ್ನೂ ಮುಟ್ಟದ ಮಗುವಿಗೆ ಮನೆಯಲ್ಲೇ ಉಣಿಸಿ ಕರೆತಂದರೆ ಯಾರೂ ಟೀಕಿಸಬೇಕಾಗಿಲ್ಲ. ಬಾಲರಿಗೂ ವೃದ್ಧರಿಗೂ ಏಕಾದಶಿಯ ನಿರ್ಬಂಧವನ್ನೇ ಸಡಿಲಿಸಿದ ಶಾಸ್ತ್ರವು ಅಶಕ್ತರನ್ನು ಮರೆತಿಲ್ಲ; ಮರೆತವರು ನಾವು. ಇವೆಲ್ಲವೂ ಆಗದಿದ್ದರೆ ಕಡೆಗೆ ಒಂದನ್ನು ಮಾಡಬಹುದು: ಮಗು ಕಿರುಚಿದಾಗ ಹಿಂದಿರುಗಿ ದುರುಗುಟ್ಟದೆ, ಆ ತಾಯಿಗೆ ಸ್ವಲ್ಪ ಜಾಗ ಬಿಡುವುದು. ಆ ಒಂದು ನೋಟಕ್ಕೆ ಅಂಜಿಯೇ ಅನೇಕ ಸಂಸಾರಗಳು ಮಠಕ್ಕೆ ಬರುವುದನ್ನು ನಿಲ್ಲಿಸಿವೆ.

ತಾರತಮ್ಯವನ್ನು ಒಪ್ಪುವ ನಮಗೆ ಇದೆಲ್ಲ ಏಕೆಂದು ಯಾರಾದರೂ ಕೇಳಬಹುದು. ತಾರತಮ್ಯವು ಜ್ಞಾನ, ಭಕ್ತಿ ಮೊದಲಾದ ಗುಣಗಳನ್ನು ಅವಲಂಬಿಸಿದುದು. ಅದರ ಅಳತೆ ಶ್ರೀಹರಿಯ ಕೈಯಲ್ಲಿದೆ. ಶಾಲೆಯ ಅಂಕಗಳಾಗಲಿ ಮಾತಿನ ಚಾತುರ್ಯವಾಗಲಿ ಪಂಕ್ತಿಯಲ್ಲಿ ನೆಟ್ಟಗೆ ಕೂರುವ ಶಿಸ್ತಾಗಲಿ ಅದರ ಮಾನದಂಡವೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಮುಕ್ತಿಯಲ್ಲಿ ಕಿರಿಯ ಪಾತ್ರೆಯೂ ಹಿರಿಯ ಪಾತ್ರೆಯೂ ತಮ್ಮ ತಮ್ಮ ಯೋಗ್ಯತೆಯಷ್ಟು ತುಂಬಿ ಪೂರ್ಣವಾಗುತ್ತವೆ ಎಂಬ ದೃಷ್ಟಾಂತವನ್ನು ಎಲ್ಲರೂ ಕೇಳಿದ್ದೇವೆ. ಕಿವಿ ಮುಚ್ಚಿಕೊಂಡು ಕಂಬದ ಮರೆಯಲ್ಲಿ ನಿಂತು, ದೀಪವನ್ನು ಮಾತ್ರ ಎವೆಯಿಕ್ಕದೆ ನೋಡುವ ಆ ಮಗುವಿನ ಪಾತ್ರೆ ಎಷ್ಟು ದೊಡ್ಡದೆಂದು ನಾವು ಹೇಗೆ ಬಲ್ಲೆವು? ಅದು ತುಂಬುವಾಗ ಅಡ್ಡ ಬರದಿರುವಷ್ಟು ವಿವೇಕವನ್ನು ಶ್ರೀ ಹರಿವಾಯುಗುರುಗಳು ನಮಗೆ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥