ಮಾಡಿದಷ್ಟು ನೀಡು, ಮಗುವಿಗೆ ತುಂಬಿ ನೀಡು



ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಎಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ತಿಪ್ಪೇರುದ್ರಸ್ವಾಮಿಗಳು ಮತ್ತು ಅವರ ‘ಮಾಡಿದಷ್ಟು ನೀಡು’ ಎಂಬ ಮಾತು. ಆ ಬರಡು ಸೀಮೆಯಲ್ಲಿ ಅವರು ಕೆರೆಗಳನ್ನು ಕಟ್ಟಿಸಿದಾಗ, ಕೂಲಿಯವರ ಮರಳಿನ ಗುಡ್ಡೆಗಳಲ್ಲಿ ಅವರವರು ದುಡಿದಷ್ಟೇ ಹಣ ಸಿಗುತ್ತಿತ್ತೆಂದು ಜನ ಇಂದಿಗೂ ಹೇಳುತ್ತಾರೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲೆಕ್ಕವೆಂದರೆ ನ್ಯಾಯ.

ಆದರೆ ತನ್ನ ಕೂಲಿಯನ್ನು ತಾನೇ ಎಣಿಸಲಾರದವನಿಗೆ ನ್ಯಾಯ ಸಿಗುವುದು ಹೇಗೆ? ಓದಲು ಬಾರದೆ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಿರಿಯರ ಪಾಡು ನಮಗೆ ತಿಳಿಯದ್ದೇನಲ್ಲ. ನಮ್ಮ ಮಕ್ಕಳು ಶಾಲೆಗೆ ಹೋಗುತ್ತಿದ್ದಾರಲ್ಲ ಎಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ ‘ಪ್ರಥಮ್’ ಸಂಸ್ಥೆಯ 2024ರ ‘ಅಸರ್’ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡ 27ರಷ್ಟು ಮಾತ್ರ. ಶಾಲೆಯ ಹಾಜರಿ ಬೇರೆ, ಕಲಿಕೆ ಬೇರೆ.

ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಗಣಿತ, ವಿಜ್ಞಾನ ಕಲಿಸುವ ಶಿಕ್ಷಕರು ಅಲ್ಲಿ ತರಬೇತಿ ಪಡೆಯುತ್ತಾರೆ. ಸಂತೋಷದ ಸಂಗತಿ. ಆದರೆ ಮಗುವಿನ ಮೊದಲ ಗುರುಗಳು ಯಾರು? ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲಿ, ಆ ಸ್ಥಾನ ತಂದೆತಾಯಿಗಳದೇ ಎಂದು ಸ್ಪಷ್ಟವಾಗಿ ಸಾರಿತು.

“ನಮಗೇ ಅಕ್ಷರ ಬಾರದು, ನಾವೇನು ಹೇಳಿಕೊಡೋಣ?” ಎಂದು ನೀವು ಕೇಳಬಹುದು. ಹೇಳಿಕೊಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ರಾತ್ರಿ ಊಟಕ್ಕೆ ಮುಂಚೆ ಕಾಲು ಗಂಟೆ ಟಿ.ವಿ., ಮೊಬೈಲು ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸಿರಿ. “ಆಮೇಲೇನಾಯಿತು? ಅವನು ಹಾಗೇಕೆ ಮಾಡಿದ?” ಎಂದು ಕೇಳಿರಿ. ಉತ್ತರ ಹೇಳಬೇಕಾದರೆ ಮಗು ಅರ್ಥ ಮಾಡಿಕೊಂಡು ಓದಲೇಬೇಕು. ಶನಿವಾರ ಸಂಜೆ ಮರುದಿನದ ಶುಭಸಂದೇಶವನ್ನು ಅದರಿಂದಲೇ ಓದಿಸಿರಿ. ಯೇಸುಸ್ವಾಮಿ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತು ಯೆಶಾಯನ ಗ್ರಂಥವನ್ನು ಓದಿದರೆಂದು ಸಂತ ಲೂಕರು ಬರೆಯುತ್ತಾರೆ. ಹಾಗೆ ಓದಿದವರು ಬೆಳೆದದ್ದು ಒಬ್ಬ ಬಡಗಿಯ ಮನೆಯಲ್ಲಿ.

ಇನ್ನು ಲೆಕ್ಕ. 52ರಲ್ಲಿ 37 ಕಳೆ ಎಂದರೆ ಎಷ್ಟೋ ಮಕ್ಕಳು 25 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗದೆಂದು ಏಳರಲ್ಲಿ ಎರಡನ್ನು ಕಳೆದುಬಿಡುತ್ತಾರೆ. ಬೈಯಬೇಡಿರಿ. ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೈಗೆ ಕೊಟ್ಟು, “ಅಂಗಡಿಗೆ 37 ರೂಪಾಯಿ ಕೊಡು” ಎನ್ನಿರಿ. ಏಳು ರೂಪಾಯಿ ಕೊಡಲು ಒಂದು ನೋಟಿಗೆ ಚಿಲ್ಲರೆ ಬೇಕೆಂದು ಮಗುವಿಗೇ ಹೊಳೆಯುತ್ತದೆ. ಉಳಿಯುವುದು 15. ಪುಸ್ತಕದ ‘ದಶಕ ಬಿಡಿಸುವುದು’ ಎಂದರೆ ಇಷ್ಟೇ. ಹಣವಿಲ್ಲವೇ? ಶೇಂಗಾ ಬೀಜಗಳನ್ನು ಹತ್ತರ ಗುಡ್ಡೆ ಮಾಡಿಸಿರಿ. ಜಪಸರವನ್ನೇ ನೋಡಿರಿ: ಐದು ಬಾರಿ ಹತ್ತು ಮಣಿ, ಒಟ್ಟು ಐವತ್ತು. ಮಗ್ಗಿ ನಮ್ಮ ಕೈಯಲ್ಲೇ ಇದೆ.

ಎಣಿಕೆ ಪ್ರೀತಿಯ ಕೆಲಸವೂ ಹೌದು. ಕುರಿಕಂಬಳಿಯ ಸೀಮೆಯವರಿಗೆ ಇದನ್ನು ಹೇಳಬೇಕೇ? ನೂರು ಕುರಿಗಳಲ್ಲಿ ಒಂದು ತಪ್ಪಿದೆಯೆಂದು ಶುಭಸಂದೇಶದ ಕುರುಬನಿಗೆ ತಿಳಿದದ್ದು ಎಣಿಸಿದ್ದರಿಂದಲೇ. ನಮ್ಮ ಮನೆಯಲ್ಲಿ ಹಿಂದೆ ಉಳಿದ ಮಗುವನ್ನು ನಾವು ಎಣಿಸಿದ್ದೇವೆಯೇ? “ದಡ್ಡ, ನಿನಗೆ ಕುರಿ ಕಾಯುವುದೇ ಸರಿ” ಎಂದು ಕಳಿಸಿಬಿಟ್ಟರೆ, ಕಳೆದುಹೋದದ್ದು ಕುರಿಯಲ್ಲ, ಕಾಯುವ ಮಗುವೇ.

ಕೂಲಿಯ ಲೆಕ್ಕಕ್ಕೆ ‘ಮಾಡಿದಷ್ಟು ನೀಡು’ ಎಂಬುದು ಸರಿ. ಆದರೆ ಯೇಸುಸ್ವಾಮಿ ಹೇಳಿದ ದ್ರಾಕ್ಷಿತೋಟದ ಯಜಮಾನ, ಸಂಜೆ ಐದು ಗಂಟೆಗೆ ಬಂದವನಿಗೂ ದಿನದ ಪೂರ್ತಿ ಕೂಲಿ ಕೊಟ್ಟ. ನಾವು ಮಕ್ಕಳಿಗೆ ಅಂಕಗಳಿಗೆ ತಕ್ಕಷ್ಟೇ ಪ್ರೀತಿಯನ್ನು ಅಳೆದು ಕೊಡುತ್ತಿಲ್ಲವೇ? ಲೆಕ್ಕ ಕರಾರುವಾಕ್ಕಾಗಿರಲಿ, ಪ್ರೀತಿಗೆ ಅಳತೆ ಬೇಡ. ತಡವಾಗಿ ಕಲಿಯುವ ಮಗುವಿಗೂ ಪೂರ್ತಿ ಪಾಲು ಸಿಗಲಿ.

ಇಂದು ರಾತ್ರಿಯೇ ಆ ಕಾಲು ಗಂಟೆಯನ್ನು ತೆಗೆದಿಡಿರಿ. ನಜರೇತಿನ ಪವಿತ್ರ ಕುಟುಂಬವನ್ನು ಕಾಪಾಡಿದ ದೇವರು ನಿಮ್ಮ ಮನೆಯನ್ನೂ ಆಶೀರ್ವದಿಸಲಿ.